ಗಂಟೆ ಬಾರಿಸದ ಶುಕ್ರವಾರ

ಕಟ-ಕಟ-ಕಟ. ಸ್ವಲ್ಪ ಹೊತ್ತು ಏನೂ ಇಲ್ಲ. ಮತ್ತೆ ಕಟ-ಕಟ-ಕಟ.

ಮರಕ್ಕೆ ಮರ ಬಡಿಯುವ ಈ ಸದ್ದು ಈಗಲೂ ಎಲ್ಲಾದರೂ ಕೇಳಿದರೆ ನಾನು ಎದ್ದು ಹೋಗಿ ಕಿಟಕಿ ಮುಚ್ಚುತ್ತೇನೆ. ಪಕ್ಕದ ಮನೆಯಲ್ಲಿ ಬಡಗಿ ಕೆಲಸ ಮಾಡುತ್ತಿದ್ದರೂ ಅಷ್ಟೇ. ನಮ್ಮ ಕ್ಯಾಥೊಲಿಕರಲ್ಲಿ ಪವಿತ್ರ ಗುರುವಾರದ ಪೂಜೆ ಆದ ಮೇಲೆ ಈಸ್ಟರ್ ಜಾಗರಣೆಯವರೆಗೆ ಚರ್ಚಿನ ಗಂಟೆ ಬಾರಿಸುವ ಹಾಗಿಲ್ಲ. ಅದರ ಬದಲು, ಹಲಗೆಗೆ ಸಣ್ಣ ಮರದ ಸುತ್ತಿಗೆ ಬಡಿಯುವ ಒಂದು ಗಿಲಕಿಯನ್ನು ಅಲ್ಲಾಡಿಸುತ್ತಾರೆ. ಒಣ ಸದ್ದು. ಚರ್ಚಿನೊಳಗೆ ಕೇಳಿದರೇ ಎದೆ ಝಲ್ ಎನ್ನುತ್ತದೆ. ನಾನು ಅದನ್ನು ಕೇಳಿದ್ದು ಚರ್ಚಿನೊಳಗಲ್ಲ.

ಇಂಥ ಕಥೆಗಳನ್ನು ನಾನು ನಂಬುತ್ತಿರಲಿಲ್ಲ ಎಂದು ಮೊದಲೇ ಹೇಳಿಬಿಡುತ್ತೇನೆ. ಹಾಸ್ಟೆಲ್‌ನಲ್ಲಿ ಸಿಸ್ಟರ್ಸ್ ಕೈಕೆಳಗೆ ಬೆಳೆದವಳು ನಾನು. ಬೆಳಿಗ್ಗೆ ಹಲ್ಲುಜ್ಜುವುದು ಹೇಗೋ ಪ್ರಾರ್ಥನೆಯೂ ಹಾಗೆ, ಒಂದು ಗುಡ್ ಹ್ಯಾಬಿಟ್. ಮದುವೆಯಾಗಿ ಕೆಲವೇ ವರ್ಷಕ್ಕೆ ಗಂಡ ತೀರಿಕೊಂಡರು. ಕೊಳ್ಳೇಗಾಲದಲ್ಲಿ ಮಕ್ಕಳಿಗೆ ಮ್ಯಾಥ್ಸ್ ಹೇಳಿಕೊಟ್ಟುಕೊಂಡು, ಯಾರ ಮುಂದೂ ಕೈ ಚಾಚದೆ ಬದುಕಿದೆ. ದೇವರಿದ್ದಾನೆ, ಪಾಪ, ಅವನಿಗೂ ನೂರು ಕೆಲಸ, ಸಣ್ಣಪುಟ್ಟದಕ್ಕೆಲ್ಲ ಡಿಸ್ಟರ್ಬ್ ಮಾಡಬಾರದು ಎಂದು ತಮಾಷೆ ಮಾಡುತ್ತಿದ್ದೆ. ಮೊಣಕಾಲೂರಿ ಅಳುವ ಹೆಂಗಸರನ್ನು ಕಂಡರೆ ನನಗೆ ಒಂಥರಾ ಮುಜುಗರವಾಗುತ್ತಿತ್ತು.

ತೊಂಬತ್ತರ ದಶಕದ ಮೊದಲ ವರ್ಷಗಳ ಮಾತು. ಈಸ್ಟರ್ ರಜೆಗೆ ನನ್ನ ತಮ್ಮ ಸೂಸೈನ ಮನೆಗೆ ಹೋಗಿದ್ದೆ. ಹನೂರಿನ ಆಚೆ, ಮಾರ್ಟಳ್ಳಿಯ ಚರ್ಚಿನಿಂದ ಒಂದಿಷ್ಟು ದೂರದಲ್ಲಿ, ಗುಡ್ಡದ ಈಚೆ ಬದಿಯಲ್ಲಿ ಅವನ ಹೊಲಮನೆ. ಅವನ ಹೆಂಡತಿ ಸ್ಟೆಲ್ಲಾ ತುಂಬು ಗರ್ಭಿಣಿ. ಹಿಂದೆ ಎರಡು ಸಲ ಬಸಿರು ನಿಂತಿರಲಿಲ್ಲ. ಈ ಸಲ ಬಸಿರು ನಿಂತರೆ ಈ ವರ್ಷದ ಶುಭ ಶುಕ್ರವಾರವೇ ಶಿಲುಬೆಗೆ ಮುತ್ತಿಡುತ್ತೇನೆಂದು ಹರಕೆ ಹೊತ್ತಿದ್ದಳು. ಆ ಶುಕ್ರವಾರ ಸೂಸೈ ಚರ್ಚಿನಲ್ಲಿ ಪೆಂಡಾಲಿನ ಕೆಲಸವಿದೆಯೆಂದು ಬೆಳಿಗ್ಗೆಯೇ ಹೋಗಿದ್ದ; ಮಧ್ಯಾಹ್ನ ಜೀಪು ಕಳಿಸುತ್ತೇನೆ ಎಂದಿದ್ದ. ಜೀಪು ಬರಲಿಲ್ಲ. ಆಗ ಕಾಡಿನ ಕಡೆ ಗಂಧದ ಕಳ್ಳರ ಗಲಾಟೆಯ ದಿನಗಳು, ಪೊಲೀಸರು ಯಾವಾಗ ಬೇಕಾದರೂ ರಸ್ತೆ ತಡೆಯುತ್ತಿದ್ದರು.

"ಹೋಗ್ಲಿ ಬಿಡೆ, ಮುಂದಿನ ವರ್ಷ ಮುತ್ತಿಟ್ರಾಯ್ತು" ಅಂದೆ.

"ಆಗಲ್ಲ ಅಕ್ಕ, ಮಾತು ಕೊಟ್ಟಿವ್ನಿ. ನೀವು ಬರ್ದಿದ್ರೆ ನಾನೊಬ್ಳೇ ಓಯ್ತೀನಿ" ಎಂದು ಆಗಲೇ ಸೆರಗು ಸಿಕ್ಕಿಸಿಕೊಂಡಳು.

ರಸ್ತೆ ಗುಡ್ಡ ಸುತ್ತಿ ಹೋಗುತ್ತದೆ, ಅವಳಿಗೆ ಅಷ್ಟು ದೂರ ಸಾಧ್ಯವಿರಲಿಲ್ಲ. ಕುರುಚಲು ಕಾಡಿನೊಳಗಿನ ಕಾಲುದಾರಿ ಹತ್ತಿರ, ಚಿಕ್ಕಂದಿನಲ್ಲಿ ಹಾಸ್ಟೆಲ್‌ನಿಂದ ರಜೆಗೆ ಬಂದಾಗ ನಾನೇ ನಡೆದದ್ದು. ಹೊಲದ ಕೊನೆಯಲ್ಲಿ ದನ ಮೇಯಿಸುತ್ತಿದ್ದ ಮಾದಯ್ಯ ನಮ್ಮನ್ನು ನೋಡಿ ಎದ್ದು ನಿಂತ.

"ಎತ್ತಗ್ರವ್ವ ಹೊಂಟ್ರಿ? ಈ ಬಸುರಿ ಹೆಂಗಸ್ನ ಕಟ್ಕಂಡು ಕಾಡ್ ಒಳಕ್ಕಾ? ಹಳ್ಳದ್ ತಾವ ಆನೆ ಅವ ಕಣ್ರವ್ವ!"

"ನನಗೆ ದಾರಿ ಗೊತ್ತು ಮಾದಯ್ಯ. ತಪ್ಪಿದ್ರೂ ಚರ್ಚಿನ ಗಂಟೆ ಕೇಳ್ಸುತ್ತಲ್ಲ, ಅದನ್ನ ಹಿಡ್ಕೊಂಡು ಹೋದ್ರಾಯ್ತು."

"ಊ ಕಣಿ, ಆನೆಗೂ ಗಂಟೆ ಕೇಳ್ಸದಾ ಅಂತ ಕೇಳ್ಕಂಡ್ ಓಗಿ" ಎಂದು ನಕ್ಕು ಕೂತ.

ಆ ಭಾಗದವರೆಲ್ಲ ಗಂಟೆಯ ಆಸರೆಯ ಮೇಲೇ ಕಾಡಿಗೆ ಹೋಗಿಬರುತ್ತಿದ್ದರು. ಮಧ್ಯಾಹ್ನಕ್ಕೊಮ್ಮೆ, ಸಂಜೆಗೊಮ್ಮೆ ಬಾರಿಸುತ್ತಿದ್ದ ಗಂಟೆ ಗುಡ್ಡ ದಾಟಿ ಕೇಳುತ್ತಿತ್ತು. ಶುಭ ಶುಕ್ರವಾರದ ಆರಾಧನೆಗೇ ಹೊರಟಿದ್ದ ನನಗೆ, ವರ್ಷದಲ್ಲಿ ಆ ಗಂಟೆ ಸತ್ತಂತೆ ಸುಮ್ಮನಿರುವ ದಿನ ಅದೇ ಎಂಬುದು ಹೊಳೆಯಲೇ ಇಲ್ಲ.

ದಾರಿ ತಪ್ಪಿತು. ಲಂಟಾನ ಬೆಳೆದು ಹಳೆಯ ಕಾಲುದಾರಿ ಮುಚ್ಚಿಹೋಗಿತ್ತು. ಒಣಗಿದ ಹಳ್ಳವೊಂದಕ್ಕೆ ಇಳಿದೆವು. ಹತ್ತಿದ ಮೇಲೆ ನೋಡಿದರೆ ಮತ್ತೆ ಅದೇ ಹಳ್ಳದ ದಂಡೆ. ಬಿಸಿಲು ಇಳಿಯತೊಡಗಿತು. ಸಂಜೆಯ ಗಂಟೆ ಈಗ ಆಗುತ್ತೆ, ಈಗ ಆಗುತ್ತೆ ಎಂದು ನಾನು ಕಿವಿಗೊಟ್ಟು ನಿಂತಿದ್ದಾಗ ಸ್ಟೆಲ್ಲಾ ಕೂತಲ್ಲಿಂದಲೇ ಸಣ್ಣದಾಗಿ ಹೇಳಿದಳು: "ಅಕ್ಕ, ಇವತ್ತು ಗಂಟೆ ಒಡಿಯಕಿಲ್ಲ."

ಅದೇ ಹೊತ್ತಿಗೆ ಅವಳು ಹೊಟ್ಟೆ ಹಿಡಿದುಕೊಂಡಳು. ಸೀರೆ ಒದ್ದೆಯಾಗಿತ್ತು. "ನೀರು ಓಯ್ತಾ ಅದೆ ಅಕ್ಕ. ಮಗೂನ ಉಳ್ಸಿ, ನನ್ನ ಬಿಡಿ."

ಅವಳನ್ನು ಎತ್ತಲು ನೋಡಿದೆ. ಆಗಲಿಲ್ಲ. ಅವಳು ದಪ್ಪ ಹೆಣ್ಣು, ನಾನು ಕಡ್ಡಿಯಂಥವಳು. ಬಿಟ್ಟು ಓಡಿದರೆ ಎತ್ತ ಓಡಲಿ? ಹಳ್ಳದ ಆಚೆ ಕೊಂಬೆ ಮುರಿದ ಸದ್ದು ಕೇಳಿಸಿತು. ಎದುರಿಗೇ ಇನ್ನೂ ಹಬೆಯಾಡುತ್ತಿದ್ದ ಆನೆ ಲದ್ದಿ. ಪ್ರಾರ್ಥನೆ ಮಾಡೋಣವೆಂದರೆ ಹೇಲ್ ಮೇರಿ ಜಪದ ಮೊದಲ ಸಾಲೇ ಮತ್ತೆ ಮತ್ತೆ ಬರುತ್ತಿತ್ತು, ಮುಂದಿನದು ನೆನಪಿಗೆ ಬರಲಿಲ್ಲ. ಇಷ್ಟು ವರ್ಷ ದಿನಾ ಹೇಳಿದ್ದು! ನನ್ನ ಓದು, ನನ್ನ ಧೈರ್ಯ, ನನ್ನ ಸೆಲ್ಫ್-ರೆಸ್ಪೆಕ್ಟ್, ಒಂದೂ ಅಲ್ಲಿರಲಿಲ್ಲ. ಮಣ್ಣಿನ ಮೇಲೆ ಬಿದ್ದೆ. "ಸ್ವಾಮಿ, ನನ್ನ ಕೈಲಿ ಆಗಲ್ಲ" ಎಂದಷ್ಟೇ ಬಾಯಿಂದ ಬಂತು. ಅದನ್ನು ಪ್ರಾರ್ಥನೆ ಅನ್ನಬಹುದೋ ಏನೋ, ನನಗೆ ತಿಳಿಯದು.

ಆಗ ಕೇಳಿಸಿತು. ಕಟ-ಕಟ-ಕಟ.

ಓದುಗರೇ, ಸಮಾಧಾನವಾಯಿತು ಎಂದು ಬರೆದರೆ ಸುಳ್ಳಾಗುತ್ತದೆ. ನಾನು ಇನ್ನಷ್ಟು ಹೆದರಿದೆ. ಸದ್ದು ಬಂದದ್ದು ಊರಿರಬಹುದೆಂದು ನಾನಂದುಕೊಂಡಿದ್ದ ದಿಕ್ಕಿನಿಂದಲ್ಲ, ಕಾಡಿನ ಕಡೆಯಿಂದ. ತೀರಾ ಹತ್ತಿರದಿಂದ, ಯಾರೋ ಆ ಪೊದೆಯ ಹಿಂದೆಯೇ ನಿಂತು ಬಡಿಯುತ್ತಿರುವ ಹಾಗೆ. "ಯಾರದು?" ಎಂದು ಕೂಗಿದೆ. ಸದ್ದು ನಿಂತಿತು. ನಾನು ಸ್ಟೆಲ್ಲಾಳ ತೋಳನ್ನು ಹೆಗಲಿಗೆ ಹಾಕಿಕೊಂಡು ಎದ್ದೆ. ಹೇಗೆ ಎದ್ದೆನೋ ಗೊತ್ತಿಲ್ಲ. ಎದ್ದ ತಕ್ಷಣ ಮತ್ತೆ ಕಟ-ಕಟ-ಕಟ, ಸ್ವಲ್ಪ ಮುಂದೆ. ನಾವು ನಡೆದರೆ ಅದು ಮುಂದೆ ಹೋಗುತ್ತಿತ್ತು, ಅವಳು ನೋವಿಗೆ ನಿಂತರೆ ಅದೂ ನಿಲ್ಲುತ್ತಿತ್ತು. ನಾನು ತಲೆ ಎತ್ತಲಿಲ್ಲ. ನೋಡಿದರೆ ಏನು ಕಾಣುತ್ತದೋ ಎಂಬ ಭಯಕ್ಕೆ ನೆಲವನ್ನೇ ನೋಡಿಕೊಂಡು ನಡೆದೆ.

ಕತ್ತಲಾಗುವ ಮೊದಲೇ ಕಾಲಿಗೆ ಡಾಂಬರು ಸಿಕ್ಕಿತು. ಆರಾಧನೆ ಮುಗಿಸಿ ಬರುತ್ತಿದ್ದವರು ಓಡಿ ಬಂದರು, ಸೂಸೈ ಕೂಡ. ಜೀಪು ಸಿಕ್ಕಿತು, ಆಸ್ಪತ್ರೆ ಸಿಕ್ಕಿತು. ಮಾರನೆಯ ದಿನ ಹೆಣ್ಣು ಮಗು ಹುಟ್ಟಿತು, ಜೀವಂತ, ಗಟ್ಟಿ ದನಿಯದು.

ಈಸ್ಟರ್ ಕಳೆದ ಮೇಲೆ ಚರ್ಚಿನ ಉಪದೇಶಿಯನ್ನು, ಆ ಸಂಜೆ ಹೊರಗೆಲ್ಲಾದರೂ ಗಿಲಕಿ ಬಡಿದಿರಾ ಎಂದು ಕೇಳಿದೆ. ಗಿಲಕಿ ಬಡಿಯುವವರು ಅವರೇ.

"ಎಲ್ಲಿ ಟೀಚ್ರೆ, ನಾನು ಜನ ಮುತ್ತಿಡಾಕೆ ಶಿಲುಬೆ ಇಡ್ಕಂಡು ನಿಂತಿದ್ದೆ. ಗಿಲಕಿ ಬೆಂಚಿನ ಮ್ಯಾಲಿತ್ತು. ಅಲ್ದೆ ಇದ್ರ ಸದ್ದು ನಮ್ ಗೇಟೇ ದಾಟಕಿಲ್ಲ" ಎಂದು ನನ್ನೆದುರೇ ಬಡಿದು ತೋರಿಸಿದರು. ನಾನು ಕಿವಿ ಮುಚ್ಚಿಕೊಂಡೆ.

ಲಾಜಿಕಲ್ ಆಗಿ ಯೋಚಿಸಿದೆ. ಅಲ್ಲಿನ ದನಗಳ ಕೊರಳಿಗೂ ಮರದ ಗಂಟೆ ಕಟ್ಟುತ್ತಾರೆ. ಮನೆಗೆ ಮರಳುವ ಯಾವುದೋ ಹಸು ಇರಬೇಕು, ನಮ್ಮ ಪುಣ್ಯಕ್ಕೆ ರಸ್ತೆಯ ಕಡೆ ಹೋಯಿತು. ನಾನು ಹಸುವನ್ನು ನೋಡಿರಲಿಲ್ಲ, ಆದರೆ ಇಲ್ಲ ಎನ್ನಲು ತಲೆಯನ್ನೂ ಎತ್ತಿರಲಿಲ್ಲವಲ್ಲ. ಆ ಹಸುವನ್ನು ನೆಚ್ಚಿಕೊಂಡು ಹಲವು ವರ್ಷ ನಿದ್ದೆ ಮಾಡಿದೆ. ಸ್ಟೆಲ್ಲಾಳೊಂದಿಗೆ ಆ ದಿನದ ಮಾತನ್ನೇ ಎತ್ತಲಿಲ್ಲ.

ಆಮೇಲೊಮ್ಮೆ ಅವಳು ಮಗಳಿಗೆ ಯೂನಿಫಾರ್ಮ್ ಬಟ್ಟೆ ಕೊಳ್ಳಲು ಕೊಳ್ಳೇಗಾಲಕ್ಕೆ ಬಂದಿದ್ದಳು. ಬಸ್ ಸ್ಟ್ಯಾಂಡಿಗೆ ಹೋಗಿ ಹತ್ತಿಸಿದೆ. ಕಿಟಕಿ ಪಕ್ಕ ಕೂತು, ತೊಡೆಯ ಮೇಲೆ ಬಟ್ಟೆಯ ಪೊಟ್ಟಣ ಇಟ್ಟುಕೊಂಡು, ಏನೋ ನೆನಪಾದವಳಂತೆ ಬಗ್ಗಿ ಕೇಳಿದಳು.

"ಅಕ್ಕ, ಕೇಳ್ಬೇಕು ಅಂತ ಎಷ್ಟು ವರ್ಷದಿಂದ ಅಂದ್ಕತೀನಿ, ಮರ್ತೋಯ್ತೀನಿ. ಅವತ್ತು ಕಾಡ್ನಲ್ಲಿ ಒಂದ್ ಕಡೆ ನೀವು ಇಡ್ಕಂಡಿದ್ರಿ. ಇನ್ನೊಂದ್ ಕಡೆ ಇಡ್ಕಂಡು ಬಂದೋರು ಯಾರಕ್ಕ? ನೋವಲ್ಲಿ ಮುಖಾನೂ ನೋಡ್ಲಿಲ್ಲ, ಒಂದು ಥ್ಯಾಂಕ್ಸೂ ಯೋಳ್ಲಿಲ್ಲ ನಾನು."

"ಯಾರೂ ಇರ್ಲಿಲ್ವಲ್ಲೇ, ಸದ್ದು ಮಾತ್ರ ಇತ್ತು" ಅಂದೆ.

"ಯಾವ್ ಸದ್ದು?" ಎಂದಳು. ಆಮೇಲೆ ಜೋರಾಗಿ ನಕ್ಕಳು. "ಸುಮ್ನಿರಿ ಅಕ್ಕ, ತಮಾಸೆ ಮಾಡ್ಬ್ಯಾಡಿ. ದಾರಿ ಉದ್ದಕ್ಕೂ ನೀವೇ ಅವ್ರತ್ರ ಮಾತಾಡ್ಕಂಡು ಬಂದ್ರಲ್ಲ!"

ಯಾರದು ಎಂದು ಕೂಗಿದ್ದು ಬಿಟ್ಟರೆ ನಾನು ಒಂದು ಮಾತೂ ಆಡಿದ ನೆನಪಿಲ್ಲ. ಏನು ಮಾತಾಡಿದೆ, ಅವರು ಏನಂದರು ಎಂದು ಕೇಳಲು ಬಾಯಿ ತೆರೆದೆ. ಕಂಡಕ್ಟರ್ ಸೀಟಿ ಊದಿದ. ಬಸ್ಸು ಹನೂರಿನ ಕಡೆಗೆ ತಿರುಗಿತು. ಆ ಮಳೆಗಾಲದಲ್ಲೇ ಸ್ಟೆಲ್ಲಾ ಜ್ವರ ಬಂದು ತೀರಿಕೊಂಡಳು. ಕಿಟಕಿಯಿಂದ ಕೈ ಹೊರಗೆ ಹಾಕಿ, ಇನ್ನೂ ನಗುತ್ತಲೇ, ಅವಳು ಬೀಸಿದ್ದೇ ನಾನು ಕೊನೆಯದಾಗಿ ನೋಡಿದ್ದು.