ಕರೆಂಟ್ ಮಲಗಿದ ಮಧ್ಯಾಹ್ನ

ಅಜ್ಜಂಪುರದ ಆ ಮನೆಯಲ್ಲಿ ನಾನು ಕೂತ ಕೂಡಲೇ ಆರು ವರ್ಷದ ಹುಡುಗಿಯೊಬ್ಬಳು ನನ್ನ ಬಾಟಲಿಯನ್ನೇ ನೋಡುತ್ತ, "ನೀರ್ ಬೇಕಾ ಮಗಾ?" ಎಂದಳು. ಬೇಡ ಎಂದು ನಕ್ಕು ಬಾಟಲಿಯನ್ನು ಚೀಲಕ್ಕೆ ಹಾಕಿಕೊಂಡೆ. ಅವಳು ನೆಲಕ್ಕೆ ಬಿದ್ದು ಅಳತೊಡಗಿದಳು. ಬಾಯಾರಿದ್ದು ಅವಳಿಗೆ. ನೀರು ಕೊಡುವಾಗ ತಾಯಿ ಕೇಳುವ ಮಾತನ್ನೇ, ತನಗೆ ನೀರು ಬೇಕಾದಾಗಲೆಲ್ಲ ಅವಳು ಇಡಿಯಾಗಿ ಎತ್ತಿ ಹೇಳುತ್ತಾಳೆಂದು ತಾಯಿ ಶೋಭಾ ಆಮೇಲೆ ತಿಳಿಸಿದರು.

ಧಾರವಾಡ ಬಿಟ್ಟು ಕಡೂರಿಗೆ ಬಂದು ನನಗಿನ್ನೂ ತಿಂಗಳಾಗಿರಲಿಲ್ಲ. ಮಾತು ತಡವಾದ ಮಕ್ಕಳಿಗೆ ನೆರವಾಗುವ ಸ್ಪೀಚ್ ಥೆರಪಿಸ್ಟ್ ನಾನು. ಕಡೂರು, ತರೀಕೆರೆ, ಅಜ್ಜಂಪುರ ಸುತ್ತುತ್ತಿರಬೇಕು. ಕನ್ನಡದಿಂದ ಕನ್ನಡಕ್ಕೇ ಹೋಗುತ್ತಿದ್ದೇನೆ, ಇದೆಂಥ ವಲಸೆ ಎಂದುಕೊಂಡಿದ್ದೆ. ನಮ್ಮ ತಾಟು ಇಲ್ಲಿ ತಟ್ಟೆ. ಬಾಡಿಗೆ ಕೋಣೆಗೆ ಬಂದ ಮನೆಯೊಡತಿಗೆ ನಮ್ಮ ರೂಢಿಯಂತೆ "ಕೂಡ್ರಿ" ಎಂದರೆ, ಕೂತುಕೊಳ್ಳಿ ಎಂಬ ಅರ್ಥ ಹೊಳೆಯದೆ, ಯಾವ ಲೆಕ್ಕ ಕೂಡಬೇಕೆಂದು ಕೇಳಿದರು. ರೊಟ್ಟಿ ಕಡಿದು ಬೆಳೆದ ನನಗೆ ಮುದ್ದೆಯನ್ನು ಅಗಿಯದೆ ನುಂಗುವುದನ್ನು ಕಲಿಸಿದವರೂ ಅವರೇ. ಮೊದಲ ತುತ್ತು ಸಲೀಸಾಗಿ ಇಳಿದ ದಿನ ಸಂತೋಷಕ್ಕೆ ಇನ್ನೊಂದು ಮುದ್ದೆ ಹಾಕಿಬಿಟ್ಟರು. ಆದರೂ ಸಂಜೆ ಒಬ್ಬಳೇ ಕೂತಾಗ, "ಹೆಂಗದೀಯವಾ" ಎನ್ನುವ ಒಂದು ದನಿಗಾಗಿ ಜೀವ ಹಾತೊರೆಯುತ್ತಿತ್ತು.

ಆ ಹುಡುಗಿ ದೀಕ್ಷಾಳಿಗೆ ಆಟಿಸಂ ಇತ್ತು. ಅವಳದು ಬರೀ ಗಿಣಿಪಾಠವೆಂದು ನಂಬಿದ್ದ ದೊಡ್ಡಪ್ಪ, ದೂರದ ಊರಿನ ಹಾಸ್ಟೆಲ್ ಶಾಲೆಯೊಂದಕ್ಕೆ ಸೇರಿಸಲು ಮಾತಾಡಿ ಬಂದಿದ್ದರು. ಶೋಭಾ ನನ್ನನ್ನು ಕೇಳಿದ್ದು ಇಷ್ಟೇ: "ನಾವ್ ಹೇಳಿದ್ನೇ ಹೇಳ್ತಾಳೆ ಮೇಡಂ. ಅವಳ್ದೇ ಅಂತ ಒಂದ್ ಮಾತು ಒಳಗೆ ಐತಾ?"

ಮಗುವಿಗೆ ಎಷ್ಟು ಪದ ಬರುತ್ತದೆಂದು ಎಣಿಸುವುದು ಸುಲಭ. ಕಲಿತ ಪದವನ್ನು ಬಿಡಿಸಿಕೊಂಡು ಹೊಸ ಜಾಗದಲ್ಲಿ ಕೂರಿಸಬಲ್ಲದೇ ಎಂದು ಅಳೆಯುವುದೇ ಕಷ್ಟ. "ಬಾಗ್ಲು ತೆಗಿ" ಗೊತ್ತಿದ್ದವಳು "ಡಬ್ಬ ತೆಗಿ" ಎಂದಾಳೇ? ಅವಳಿಗೆ ಪ್ರಿಯವಾದ ಕೊಬ್ಬರಿ ಚೂರನ್ನು ಬಿಗಿ ಮುಚ್ಚಳದ ಡಬ್ಬದಲ್ಲಿಟ್ಟು ವಾರಗಟ್ಟಲೆ ಕಾದೆ. ಅವಳು ನನ್ನ ಕೈಹಿಡಿದು ಡಬ್ಬದ ಮೇಲಿಟ್ಟು "ಬಾಗ್ಲು ತೆಗಿ" ಎನ್ನುತ್ತಿದ್ದಳು. ಕೊಬ್ಬರಿ ಕೇಳಬೇಕೆಂಬ ಆಸೆ ಅವಳಿಗಿತ್ತು. ಆದರೆ ಮಾತು ಒಡೆಯುತ್ತಿರಲಿಲ್ಲ.

ಒಂದು ಮಧ್ಯಾಹ್ನ ನಾವು ಆಡುತ್ತಿದ್ದಾಗ ಫ್ಯಾನು ನಿಂತಿತು. ದೀಕ್ಷಾ ತಲೆಯೆತ್ತಿ ಅದನ್ನೇ ಬಹಳ ಹೊತ್ತು ನೋಡಿದಳು. ಆಮೇಲೆ ಮೆಲ್ಲಗೆ, "ಕರೆಂಟ್ ಮಲ್ಕೊಂತು" ಎಂದಳು.

ಮೆಣಸಿನಕಾಯಿ ತೊಟ್ಟು ಬಿಡಿಸುತ್ತಿದ್ದ ಶೋಭಾರ ಕೈ ನಿಂತಿತು. ಮನೆಯಲ್ಲಿ ಹಾಗೆ ಯಾರಾದರೂ ಅನ್ನುತ್ತಾರಾ, ಟೀವಿಯಲ್ಲಿ ಬಂದಿತ್ತಾ ಎಂದು ವಿಚಾರಿಸಿದೆ. ಇಲ್ಲ, ಎಲ್ಲರೂ "ಕರೆಂಟ್ ಹೋಯ್ತು" ಎನ್ನುವವರೇ. ಅವಳ ಪುಟ್ಟ ತಮ್ಮ ನಿದ್ದೆಹೋದಾಗ "ಪಾಪು ಮಲ್ಕೊಂತು" ಎನ್ನುವುದನ್ನಷ್ಟೇ ಅವಳು ಕೇಳಿದ್ದಳು. ಒಂದು ಸಲ ಆದದ್ದು ಆಕಸ್ಮಿಕವೂ ಇರಬಹುದೆಂದು ನನ್ನ ಓದು ಎಚ್ಚರಿಸಿತು. ಅಷ್ಟರಲ್ಲಿ ಅವಳೆದ್ದು ಹಿತ್ತಲಿಗೆ ನಡೆದಳು. ಬೋರ್‌ವೆಲ್ ಪೈಪಿನಿಂದ ತೊಟ್ಟಿಗೆ ಬೀಳುತ್ತಿದ್ದ ನೀರು ನಿಂತಿತ್ತು. ಆ ಪೈಪನ್ನು, ಮಲಗಿದ ತಮ್ಮನನ್ನು ತಟ್ಟುವ ಹಾಗೆ ತಟ್ಟುತ್ತ, "ನೀರ್ ಮಲ್ಕೊಂತು" ಎಂದಳು.

ಯಾರೂ ಕಲಿಸದ, ಯಾರಿಂದಲೂ ಎರವಲು ತಾರದ ಮಾತು ಕಣ್ಣೆದುರಿಗೇ ಹುಟ್ಟಿತ್ತು. ಶೋಭಾ ಮಗಳ ನೆತ್ತಿ ಸವರಿ, ಯಾರಿಗೋ ಗುಟ್ಟು ಹೇಳುವಂತೆ, "ಒಳಗೆ ಐತೆ ಕಣ್ರೀ" ಎಂದರು.

ಆ ವಾರವೇ ದೊಡ್ಡಪ್ಪನಿಗೆ ಎಲ್ಲ ವಿವರಿಸಿದೆ. ಮಾತು ಕವಲೊಡೆಯುತ್ತಿದೆ, ಈಗ ಸುತ್ತಲೂ ಮನೆಯವರ ಮಾತೇ ಬೇಕು ಎಂದೆ. ಅವರು ಒಪ್ಪಿದೆ ಎನ್ನಲಿಲ್ಲ. ಹಿತ್ತಲಿಗೆ ಹೋಗಿ ಆ ಪೈಪನ್ನು ನೋಡಿ ಬಂದರು. ಹಾಸ್ಟೆಲ್ಲಿನ ಮಾತನ್ನು ಮತ್ತೆ ಎತ್ತಲಿಲ್ಲ. ದೀಕ್ಷಾ ಈಗ ಊರಿನ ಶಾಲೆಗೇ ಹೋಗುತ್ತಾಳೆ. ಕೆಲವು ದಿನ ತುಟಿ ಬಿಚ್ಚುವುದಿಲ್ಲ. ಬಿಚ್ಚಿದ ದಿನ ಏನು ಬಂದೀತೆಂದು ಯಾರಿಗೂ ಗೊತ್ತಿಲ್ಲ.

ಹೋದ ಹಬ್ಬಕ್ಕೆ ನಾನು ಕಡೂರಿನಿಂದ ಊರಿಗೆ ಹೊರಟೆ. ರೈಲು ಅಜ್ಜಂಪುರದಲ್ಲಿ ನಿಂತ ಕೂಡಲೇ ಅಭ್ಯಾಸಬಲದಿಂದ ಚೀಲ ಹೆಗಲಿಗೇರಿಸಿ ಬಾಗಿಲ ತನಕ ಬಂದುಬಿಟ್ಟಿದ್ದೆ. ಎದುರು ಸೀಟಿನಲ್ಲಿ ಆಗಲೇ ಮಾತಿಗೆ ಸಿಕ್ಕಿದ್ದ ನಮ್ಮ ಕಡೆಯ ಅಜ್ಜಿ ಹಿಂದಿನಿಂದ ಕರೆದರು: "ಯವ್ವಾ, ಧಾರವಾಡಕ್ಕ ಹೊಂಟಾಕಿ ಇಲ್ಲ್ಯಾಕ ಇಳೀತಿ?"

ನಿಜ, ಮನೆ ಇನ್ನೂ ದೂರವಿತ್ತು. ಆದರೂ ರೈಲು ಹೊರಡುವವರೆಗೆ ಬಾಗಿಲ ಕಂಬಿ ಹಿಡಿದು ಅಲ್ಲೇ ನಿಂತಿದ್ದೆ.