ಹಾರಿಕಾ ಕೂರುವ ಸೋಮವಾರ

ಆಸ್ಪತ್ರೆಯ ಹೆಸರು ಬರೆಯುವುದಿಲ್ಲ, ನನ್ನ ನಿವೃತ್ತಿಗೆ ಇನ್ನೂ ನಾಲ್ಕು ವರ್ಷ ಇದೆ. ಆಂಧ್ರದ ಆದವಾನಿಯಲ್ಲಿದೆ ಎಂದಷ್ಟೇ ತಿಳಿದರೆ ಸಾಕು. ಅಲ್ಲಿನ ಜನರಲ್ ಮೆಡಿಸಿನ್ ಓಪಿಯಲ್ಲಿ, ಅಂದರೆ ಹೊರರೋಗಿಗಳ ಕೋಣೆಯಲ್ಲಿ, ನಾನು ನರ್ಸ್. ಹೆಸರು ಮಲ್ಲೇಶ್ವರಿ. ಬರೆಯಲು ಹೊರಟಿರುವುದು ಹಾರಿಕಾಳ ಬಗ್ಗೆ. ಎಂ.ಡಿ. ಓದುತ್ತಿರುವ ಎರಡನೇ ವರ್ಷದ ಪಿಜಿ ಡಾಕ್ಟರ್. ಎದುರಿಗೆ ಮೇಡಂ ಎನ್ನುತ್ತೇನೆ, ವಯಸ್ಸಿನಲ್ಲಿ ನನ್ನ ಮಗಳಿಗಿಂತ ಚಿಕ್ಕವಳು.

ಕೋಸಗಿಯ ಕಡೆಯ ಕುರಿಗಾರರ ಮನೆಯ ಹುಡುಗಿ. “ನಮ್ಮಪ್ಪ ಕುರಿ ನಡಿಯೋದು ನೋಡೇ ರೋಗ ಹೇಳ್ತಾನ ಸಿಸ್ಟರ್, ನಾ ಮನಷ್ಯಾರಿಗೆ ಇಷ್ಟೆಲ್ಲಾ ಓದಬೇಕಾತು” ಎಂದು ನಗುತ್ತಾಳೆ. ಕ್ಯಾಂಟೀನಿನ ಮಂಡಕ್ಕಿ ಉಗ್ಗಾಣಿಯನ್ನು ನಿಂತೇ ತಿಂದು ಮುಗಿಸುತ್ತಾಳೆ. ರೋಗಿಗಳನ್ನು ಮನೆಯವರಂತೆ ಬೈಯುತ್ತಾಳೆ, ಅವರಿಗೂ ಅದೇ ಹಿತ. ನಮ್ಮ ಪಿಜಿ ಡಾಕ್ಟರುಗಳಲ್ಲಿ ಕನ್ನಡ ಬಲ್ಲವಳು ಅವಳೊಬ್ಬಳೇ.

ಚಿಪ್ಪಗಿರಿಯ ಆಚೆಯ ಹಳ್ಳಿಯಿಂದ ಮಾರೆಮ್ಮ ಬರುತ್ತಿದ್ದಳು. ಕೂಲಿ ಮಾಡುವವಳು, ಹೃದಯದ ಕವಾಟ ಕೆಟ್ಟಿತ್ತು. ರಕ್ತ ಹೆಪ್ಪುಗಟ್ಟದಿರಲು ದಿನಾ ಮಾತ್ರೆ ನುಂಗಬೇಕು, ತಿಂಗಳಿಗೊಮ್ಮೆ ರಕ್ತ ಪರೀಕ್ಷೆ ಮಾಡಿಸಿ ಅದರಂತೆ ಮಾತ್ರೆ ಹೆಚ್ಚುಕಡಿಮೆ ಮಾಡಬೇಕು. ಅಂಗಡಿಯಲ್ಲಿ ವ್ಯಾಪಾರ ಮಾಡುವಷ್ಟು ತೆಲುಗು ಅವಳಿಗೆ ಬರುತ್ತಿತ್ತು. ಎದೆಯೊಳಗೆ ಏನಾಗುತ್ತಿದೆ ಎಂದು ಹೇಳುವಷ್ಟು ಬರುತ್ತಿರಲಿಲ್ಲ.

ಪರೀಕ್ಷೆಯ ಅಂಕಿ ಒಂದು ತಿಂಗಳು ಏರುತ್ತಿತ್ತು, ಇನ್ನೊಂದು ತಿಂಗಳು ಇಳಿಯುತ್ತಿತ್ತು. ಮಾತ್ರೆ ನುಂಗುವುದಿಲ್ಲ, ಸುಳ್ಳು ಹೇಳುತ್ತಾಳೆ ಎಂದು ಎಲ್ಲರೂ ಗದರಿದ್ದೇ ಗದರಿದ್ದು. ಒಬ್ಬ ಡಾಕ್ಟರ್ ಮಾತ್ರೆ ಜಾಸ್ತಿ ಮಾಡಿದ್ದಕ್ಕೆ ಅವಳ ಒಸಡಿನಿಂದ ರಕ್ತ ಸುರಿದಿತ್ತು. ಹಾರಿಕಾ ಮಾತ್ರ ಕೇಳಿದಳು:

“ಕೂಲಿಯಿಂದ ಬರೋವಾಗ ಹೊಲದಾಗಿನ ಸೊಪ್ಪು ಕಿತ್ಕೊಂಡು ಬರ್ತೀಯೇನವ್ವ?”

“ಉಡಿ ತುಂಬ ತರ್ತೀನಿ ತಾಯಿ. ಮಳಿಗಾಲದಾಗ ದಿನಾ ಅದಾ ಪಲ್ಯ.”

ಆ ಸೊಪ್ಪು ಮಾತ್ರೆಯ ಬಲವನ್ನು ತಗ್ಗಿಸುತ್ತದೆಯಂತೆ. ಮಳೆಗಾಲ ಮುಗಿದು ಸೊಪ್ಪು ನಿಂತ ಮೇಲೆ ಅದೇ ಮಾತ್ರೆ ಅತಿಯಾಗುತ್ತದೆ. ಹಾರಿಕಾ ಲೆಕ್ಕ ಹಾಕಿ ಹೊಸದಾಗಿ ಬರೆದುಕೊಟ್ಟಳು, ಕೈ ಹಿಡಿದು ಹೇಳಿದಳು: “ಇನ್ಮ್ಯಾಲೆ ನನ್ನ ಬಿಟ್ಟು ಯಾರಿಗೂ ತೋರಿಸಬ್ಯಾಡ. ಸೋಮವಾರ ಬಾ, ನಾ ಇರ್ತೀನಿ. ಮಾತು ಕೊಡು.” ಮಾರೆಮ್ಮ ಕೊಟ್ಟಳು. ಐದು ತಿಂಗಳು ಅಂಕಿ ಅಲುಗಾಡಲಿಲ್ಲ.

ಇನ್ನು ಡಾಕ್ಟರುಗಳ ಡ್ಯೂಟಿ ಚಾರ್ಟಿನ ವಿಷಯ. ಯಾವ ಪಿಜಿಗೆ ಯಾವ ವಾರ ಓಪಿ, ಯಾವ ವಾರ ವಾರ್ಡು, ಯಾವ ವಾರ ಐಸಿಯು ಎಂಬುದನ್ನು ಮೂರನೇ ವರ್ಷದ ಉದಯಕುಮಾರ್ ತನ್ನ ಫೋನಿನಲ್ಲಿ ಮಾಡುತ್ತಾನೆ. ದೊಡ್ಡ ಡಾಕ್ಟರುಗಳು ಕಣ್ಣುಮುಚ್ಚಿ ಸಹಿ ಹಾಕುತ್ತಾರೆ. ಗೋಡೆಗೆ ಅಂಟಿಸಿದ್ದು ಒಂದು, ಫೋನಿನಲ್ಲಿರುವುದು ಇನ್ನೊಂದು. ಓಪಿಯಲ್ಲಿರುವ ನಮಗೆ ಯಾರೂ ಹೇಳುವುದಿಲ್ಲ, ರೋಗಿಗಳಿಗೆ ಹೇಳಬೇಕೆಂಬುದು ಯಾರ ತಲೆಗೂ ಹೊಳೆದಿಲ್ಲ. ಉದಯಕುಮಾರ್‌ನ ಅಕ್ಕನ ಮದುವೆ ಬಂತು. ತನ್ನ ಐಸಿಯು ಹಾರಿಕಾಳ ತಲೆಗೆ ಕಟ್ಟಿ ಊರಿಗೆ ಹೊರಟ.

ಮೊದಲ ಸೋಮವಾರ ಮಾರೆಮ್ಮ ಎರಡು ಆಟೋ ಬದಲಿಸಿ ಬಂದು ಬೆಂಚಿನ ಮೇಲೆ ಕೂತಳು.

“ಆಕಿ ಐಸಿಯುನಾಗ ಅದಾಳ. ಒಳಗ ಬ್ಯಾರೆ ಡಾಕ್ಟರ್ ಕುಂತಾರ, ತೋರಿಸ್ಕೋ ಹೋಗವ್ವ” ಎಂದೆ.

“ಬ್ಯಾಡಮ್ಮ. ಆಕಿ ಬಂದಾಗ ಬರ್ತೀನಿ.”

ಎರಡನೇ ಸೋಮವಾರ ಅವಳು ಮತ್ತೆ ಬಂದಾಗ ನಾನೇ ಹಾರಿಕಾಗೆ ಫೋನ್ ಮಾಡಿದೆ. ಓಪಿಗೂ ಐಸಿಯುಗೂ ನಡುವೆ ಒಂದು ಅಂಗಳ ಅಷ್ಟೇ, ಆದರೆ ಐಸಿಯು ಬಾಗಿಲಲ್ಲಿ ಓಪಿ ರೋಗಿಗಳನ್ನು ಬಿಡುವುದಿಲ್ಲ. “ನಾಕು ಮಂದಿ ವೆಂಟಿಲೇಟರ್ ಮ್ಯಾಲೆ ಅದಾರ ಸಿಸ್ಟರ್, ಬಿಟ್ಟು ಬರಾಕ ಆಗಂಗಿಲ್ಲ. ಮುಂದಿನ ಸೋಮವಾರ ಚಾರ್ಟ್‌ನಾಗ ನನಗ ಓಪಿ ಐತಿ, ಬರಾಕ ಹೇಳ್ರಿ. ಗುಳಿಗಿ ಅದಾವೇನು ಕೇಳ್ರಿ” ಎಂದಳು. ಕೇಳಿದೆ. “ಅದಾವ” ಎಂದಳು ಮಾರೆಮ್ಮ. ಅರ್ಧ ಅರ್ಧ ಮಾಡಿ ನುಂಗುತ್ತಿದ್ದಳೆಂದು ಆಮೇಲೆ ಗೊತ್ತಾಯಿತು. ಮಾತ್ರೆ ತೋರಿಸು ಎನ್ನಲು ನನಗೇನು ಬಡಿದಿತ್ತೋ!

ಭಾನುವಾರ ಉದಯಕುಮಾರ್ ಇನ್ನೊಂದು ವಾರ ರಜೆ ಎಳೆದುಕೊಂಡ. ಚಾರ್ಟ್ ಮತ್ತೆ ಬದಲಾಯಿತು. ಸೋಮವಾರ ಹಾರಿಕಾಳ ಕುರ್ಚಿಯಲ್ಲಿ ಮತ್ತೆ ಬೇರೆಯವರು. ಚಾರ್ಟಿನ ಮೇಲಿನ ಸಿಟ್ಟನ್ನು ಮಾರೆಮ್ಮನ ಮೇಲೆ ತೀರಿಸಿಕೊಂಡೆ. “ಹಟ ಮಾಡಬ್ಯಾಡ, ಯಾರಿಗಾದ್ರೂ ತೋರ್ಸು!” ಎಂದು ಕೂಗಿದೆ. ಅವಳು ಸೆರಗು ಹೊದ್ದು ಎದ್ದು ಹೋದಳು.

ಗುರುವಾರ ಆಟೋದಲ್ಲಿ ಮಲಗಿಸಿಕೊಂಡು ತಂದರು. ಬಲಗೈ ಬಲಗಾಲು ಬಿದ್ದಿದ್ದವು. ಮಾತು ನಿಂತಿತ್ತು. ರಕ್ತ ಹೆಪ್ಪುಗಟ್ಟಿ ಮೆದುಳಿಗೆ ಹೋಗಿತ್ತು.

ಉದಯಕುಮಾರ್ ಮದುವೆಯ ಲಾಡು ಡಬ್ಬಿ ಹಿಡಿದು ಡ್ಯೂಟಿಗೆ ಮರಳಿದ ದಿನ ಹಾರಿಕಾ ಗೋಡೆಯ ಚಾರ್ಟ್ ಕಿತ್ತು ತಂದು ವಾರ್ಡಿನ ನಡುವೆಯೇ ಅವನ ಮುಖಕ್ಕೆ ಹಿಡಿದಳು. ಅವಳಿಗೆ ಅಷ್ಟು ದೊಡ್ಡ ದನಿ ಇದೆಯೆಂದು ಯಾರಿಗೂ ಗೊತ್ತಿರಲಿಲ್ಲ.

“ಗ್ರೂಪ್‌ನಲ್ಲಿ ಹಾಕಿದ್ದೆನಲ್ಲ” ಎಂದು ಅವನು ತೆಲುಗಿನಲ್ಲಿ ಗೊಣಗಿದ.

“ಮಾರೆಮ್ಮ ನಿನ್ನ ಗ್ರೂಪ್‌ನಾಗ ಅದಾಳೇನೋ?” ಎಂದು ಇವಳು ಕನ್ನಡದಲ್ಲೇ ಕೇಳಿದಳು.

ನನಗೆ ಚಪ್ಪಾಳೆ ತಟ್ಟಬೇಕೆನಿಸಿತು. ಆಗ ಮಂಚದ ಪಕ್ಕದಲ್ಲಿದ್ದ ಮಾರೆಮ್ಮನ ಸೊಸೆ ಅಕ್ಕನಾಗಮ್ಮ ಮೆಲ್ಲಗೆ ಹೇಳಿದಳು: “ಯಾರನ್ನೂ ಬೈಬ್ಯಾಡ್ರಿ ಮೇಡಂ. ಯಾರಿಗಾದ್ರೂ ತೋರ್ಸು ಅತ್ತಿ ಅಂತ ನಾನೂ ಹೇಳಿದೆ. ಡಾಕ್ಟರಮ್ಮಗ ಮಾತು ಕೊಟ್ಟೀನಿ, ಆಕಿ ಬಿಟ್ಟು ಯಾರಿಗೂ ತೋರಿಸಂಗಿಲ್ಲ ಅಂದ್ಲು.”

ಅವಳ ದನಿಯಲ್ಲಿ ದೂರು ಇರಲಿಲ್ಲ. ಇದ್ದಿದ್ದರೆ ಹಾರಿಕಾ ತಡೆದುಕೊಳ್ಳುತ್ತಿದ್ದಳೇನೋ. ಕೈಯಲ್ಲಿದ್ದ ಕಾಗದ ಮಡಚಿ ಜೇಬಿಗಿಟ್ಟುಕೊಂಡು ಹೊರಗೆ ಹೋದಳು.

ಈಗ ಚಾರ್ಟ್ ಮಾಡುವವಳು ಹಾರಿಕಾ. ಹತ್ತು ದಿನ ಮೊದಲೇ ಓಪಿ ಬಾಗಿಲಿಗೆ ತೆಲುಗು, ಕನ್ನಡ ಎರಡರಲ್ಲೂ ಅಂಟಿಸಬೇಕು. ಯಾರ ಮದುವೆಯಿದ್ದರೂ ಅದು ಬದಲಾಗುವುದಿಲ್ಲ. ಪ್ರತಿ ರೋಗಿಯ ಚೀಟಿಯಲ್ಲಿ ಸೊಪ್ಪಿನವರೆಗೆ ಎಲ್ಲ ಬರೆದಿರಬೇಕು. “ನೀನಾ ನೋಡವ್ವ, ಬ್ಯಾರೆಯವ್ರು ಬ್ಯಾಡ” ಎಂದು ಯಾರಾದರೂ ಕೈ ಹಿಡಿದರೆ ಸಿಟ್ಟಿನಿಂದ ಕೈ ಕಿತ್ತುಕೊಳ್ಳುತ್ತಾಳೆ.

ಮೊನ್ನೆ ಸೋಮವಾರ ಅಕ್ಕನಾಗಮ್ಮ ಅತ್ತೆಯನ್ನು ಹಿಡಿದುಕೊಂಡು ಬಂದಳು. ಚಾರ್ಟಿನಂತೆ ಹಾರಿಕಾ ವಾರ್ಡಿನಲ್ಲಿದ್ದಳು, ಕುರ್ಚಿಯಲ್ಲಿ ಉದಯಕುಮಾರ್ ಇದ್ದ. ನಾನು ಸಮಾಧಾನ ಹೇಳಲು ಹೋಗುವಷ್ಟರಲ್ಲಿ ಮಾರೆಮ್ಮ ಬಲಗಾಲು ಎಳೆಯುತ್ತ ಒಳಗೆ ನಡೆದು ಎಡಗೈಯಿಂದ ಚೀಟಿಯನ್ನು ಅವನ ಮುಂದಿಟ್ಟಳು. ಹೇಗಿದ್ದೀಯಮ್ಮ ಎಂದು ಅವನು ತೆಲುಗಿನಲ್ಲಿ ಕೇಳಿದ. ಅವಳು ಬಾಯಿ ತೆರೆದಳು, ಏನೂ ಬರಲಿಲ್ಲ. ಅವನು ಚೀಟಿ ಓದಿ ಮಾತ್ರೆ ಬರೆದುಕೊಟ್ಟ.