ಚನಿಯಪ್ಪಣ್ಣನ ಎರಡು ತೋಟೆಗಳು

ಮರ್ಕಂಜದ ಚನಿಯಪ್ಪಣ್ಣನಿಗೆ ಎಂಬತ್ತೊಂದು ವರ್ಷ. ಬದುಕಿನ ಬಗ್ಗೆ ಹೆಚ್ಚಿನ ಆಸೆಗಳಿರಲಿಲ್ಲ. ಸಾವಿನ ಬಗ್ಗೆ ಒಂದಿತ್ತು. ಅವರ ಮನೆಯಲ್ಲಿ ಯಜಮಾನ ತೀರಿಕೊಂಡರೆ ಅಂಗಳದಲ್ಲಿ ಕೋವಿಯಿಂದ ಒಂದು ಈಡು ಹಾರಿಸುವ ಕ್ರಮ. ಸದ್ದು ಕೇಳಿ ಊರು ಬರುತ್ತದೆ. ತನ್ನ ಈಡು ಅಜ್ಜನ ಕಾಲದ ರೈಫಲಿನಿಂದಲೇ ಹಾರಬೇಕು, ಪಕ್ಕದ ಮನೆಯ ಕೋವಿ ತರಬಾರದು ಎಂದು ಅವರ ಹಟ. ಆದರೆ ಆ ರೈಫಲಿಗೆ ತುಂಬುವ ತೋಟೆ ಅಂಗಡಿಗೆ ಬರುವುದು ನಿಂತು ನಲವತ್ತು ವರ್ಷವಾಗಿತ್ತು.

ಮಾದರಿಗೆ ಹಳೆಯ ತೋಟೆಯ ಚಿಪ್ಪೂ ಉಳಿದಿರಲಿಲ್ಲ. ತೋಟೆ ಕೂರುವ ಜಾಗಕ್ಕೆ ಜೇನುಮೇಣ ಕರಗಿಸಿ ಸುರಿದು ಅಚ್ಚು ತೆಗೆದರು. ಏಪ್ರಿಲಿನ ಬಿಸಿಲಲ್ಲಿ ಬಸ್ಸಿಳಿದು ಪುತ್ತೂರಿನ ದರ್ಬೆಗೆ ತಲುಪುವಾಗ ಕಿಸೆಯಲ್ಲಿದ್ದ ಅಚ್ಚು ಬಾಗಿಹೋಗಿತ್ತು.

"ಇದಕ್ಕೆ ಮೂಲೆ ತಿರುಗಿ ಹೊಡೆಯುವ ಕೋವಿ ಬೇಕಷ್ಟೆ ಮಾರಾಯ್ರೆ," ಎಂದರು ತೋಟೆ ಅಂಗಡಿಯ ರಾಧಾಕೃಷ್ಣ.

ಎರಡನೆಯ ಸಲ ಅಚ್ಚನ್ನು ಮೀನು ಮಾರುವ ಸಲಾಂನ ಐಸ್ ಪೆಟ್ಟಿಗೆಯಲ್ಲಿ, ಮಾರಿ ಉಳಿದ ಬಂಗುಡೆಗಳ ನಡುವೆ ಮಲಗಿಸಿ, ಅವನದೇ ಬೈಕಿನಲ್ಲಿ ಹೋದರು. ರಾಧಾಕೃಷ್ಣ ಮೂಗು ಮುಚ್ಚಿಕೊಂಡು ಅಳೆದು, ಲೈಸನ್ಸ್ ನೋಡಿ, ಕಪಾಟಿನ ತಳದಿಂದ ಎರಡು ತೋಟೆ ತೆಗೆದರು.

"ಇರುದು ಇಷ್ಟೇ. ಹಳೇದು. ಹಾರ್ತದಾ ಇಲ್ವಾ ದೇವರಿಗೇ ಗೊತ್ತು."

ಈ ಮಾತು ಚನಿಯಪ್ಪಣ್ಣನ ನಿದ್ದೆ ಕೆಡಿಸಿತು. ಸತ್ತ ದಿನ ತೋಟೆ ಟುಸ್ಸೆಂದರೆ ಎದ್ದು ಬಂದು ಸರಿಮಾಡಲಿಕ್ಕಾಗುತ್ತದೆಯೇ? ಒಂದು ಬೆಳಿಗ್ಗೆ, ಹೆಂಡತಿ ದುಗ್ಗಮ್ಮ ಬೇಡವೆಂದು ಬೊಬ್ಬೆ ಹೊಡೆದರೂ ಕೇಳದೆ, ಅಂಗಳದಿಂದ ಎದುರಿನ ಗುಡ್ಡ ಕಡಿದ ಮಣ್ಣಿನ ಬರೆಗೆ ಒಂದನ್ನು ಹಾರಿಸಿಯೇಬಿಟ್ಟರು. ಸೊಗಸಾಗಿ ಹಾರಿತು.

ಅರ್ಧ ಗಂಟೆಯಲ್ಲಿ ಊರು ಬಂತು. ನಾನೂ ಹೆಗಲಿಗೆ ಬೈರಾಸು ಹಾಕಿ ಓಡಿದವನೇ. ಎಲ್ಲರಿಗಿಂತ ಮುಂದೆ ಅವರ ತಮ್ಮ ಜತ್ತಪ್ಪ. ಗಡಿಕಲ್ಲಿನ ಜಗಳದಲ್ಲಿ ಮಾತು ಬಿಟ್ಟು ಹನ್ನೊಂದು ವರ್ಷ ಈ ಅಂಗಳ ಮೆಟ್ಟದವನು, ಗೊಳೋ ಎಂದು ಅಳುತ್ತಾ, ಯಾರನ್ನೂ ಕೇಳದೆ, ಚಿತೆಗೆಂದು ಮಾವಿನ ಮರಕ್ಕೆ ಕೊಡಲಿ ಹಾಕಿದ.

ಹೆಣವೇ ಹೊರಗೆ ಬಂದು ಗದರಿತು. "ಎಂತ ಮಾಡುದು ಜತ್ತಾ? ಕಾಯಿ ಬಿಟ್ಟ ಮರ ಅದು!"

ಕೊಡಲಿ ಕೈಜಾರಿತು. "ನೀನು ಸಾಯ್ಲಿಲ್ವಾ ಅಣ್ಣ?"

"ಇಲ್ಲ. ತೋಟೆ ಒಳ್ಳೇದುಂಟಾ ಅಂತ ನೋಡಿದ್ದು."

ಕಣ್ಣೀರು ಆರುವ ಮೊದಲೇ ಜತ್ತಪ್ಪ ಕೆಂಡವಾದ. ಅಷ್ಟು ಚಂದದ ಅಳು ದಂಡವಾಯಿತಲ್ಲ ಎಂದು ನನಗೂ ಸಿಟ್ಟು ಬಂತು.

"ನಿನ್ನ ಈಡನ್ನು ಇನ್ನು ನಂಬ್ಲಿಕ್ಕಿಲ್ಲ. ದಿನಾ ಬಂದು ಕಣ್ಣಾರೆ ನೋಡಿ ಹೋಗ್ತೇನೆ!" ಎಂದು ಜತ್ತಪ್ಪ ಕೂಗಿದ.

ಮರುದಿನದಿಂದ ಬೆಳಿಗ್ಗೆ ಏಳಕ್ಕೆ ಸರಿಯಾಗಿ ಬರುತ್ತಾನೆ. ಅಣ್ಣ ಉಸಿರಾಡುವುದನ್ನು ನೋಡಿ, ಕಾಫಿ ಕುಡಿದು, ಹೋಗುತ್ತಾನೆ. ಹತ್ತು ನಿಮಿಷ ತಡವಾದರೆ ಚನಿಯಪ್ಪಣ್ಣ ಗೋಡೆಯಿಂದ ಕೋವಿ ಕೆಳಗಿಳಿಸಿ, ಎರಡನೆಯ ತೋಟೆ ಎಲ್ಲಿಟ್ಟಿದ್ದಿ ಎಂದು ದುಗ್ಗಮ್ಮನನ್ನು ಕೇಳತೊಡಗುತ್ತಾರೆ.